ತಜ್ಞವೈದ್ಯರಿಗೆ ಕೊಡಲು ನನ್ನ ಬದುಕಿನ ವಿವರವನ್ನು ಎಲ್ಲಿಂದ ಬರೆಯಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ ಮೂವತ್ತಮೂರು ವರ್ಷ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಮಗುವಿನ ನಿರೀಕ್ಷೆಯಲ್ಲಿರುವ ನಾನು ಮತ್ತು ನನ್ನ ಪತಿ ಮುಂದಿನ ವಾರ ಮೊದಲ ಬಾರಿಗೆ ತಜ್ಞವೈದ್ಯರನ್ನು ಕಾಣಲಿದ್ದೇವೆ. ಮೈನೆರೆದಾಗಿನಿಂದ ಈವರೆಗಿನ ಆರೋಗ್ಯದ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬರಬೇಕೆಂದು ಅಲ್ಲಿಯವರು ತಿಳಿಸಿದ್ದಾರೆ. ಬರೆಯಲು ಕುಳಿತರೆ ಆರೋಗ್ಯ ಯಾವುದು, ಬದುಕು ಯಾವುದು ಎಂದು ಬೇರ್ಪಡಿಸಲು ನನ್ನಿಂದ ಆಗುತ್ತಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಾನು ಮನೆಯ ಹಿರಿಯ ಮಗಳು. ತಮ್ಮ ನನಗಿಂತ ಬಹಳ ಚಿಕ್ಕವನಾದ್ದರಿಂದ ಅವನನ್ನು ಎತ್ತಿ ಆಡಿಸಿ, ಮಲಗಿಸಿ, ಅಕ್ಷರ ಕಲಿಸಿದವಳು ನಾನೇ. ಮುಂದೊಂದು ದಿನ ನನಗೂ ಮಗುವಾಗುತ್ತದೆ ಎಂಬುದನ್ನು ಆಗ ನಾನು ಒಂದು ಆಸೆಯೆಂದು ಎಣಿಸಿರಲೇ ಇಲ್ಲ. ಬೆಳೆದು ದೊಡ್ಡವಳಾಗುವಷ್ಟೇ ಸಹಜವಾಗಿ ಅದು ತಾನಾಗಿ ನಡೆಯುತ್ತದೆ ಎಂದುಕೊಂಡಿದ್ದೆ. ಹದಿಮೂರನೆಯ ವಯಸ್ಸಿನಲ್ಲಿ ಮುಟ್ಟು ಆರಂಭವಾಯಿತು. ಮೊದಮೊದಲು ಲೆಕ್ಕ ತಪ್ಪಿ ಬರುತ್ತಿತ್ತು, ಆಮೇಲೆ ಸರಿಹೋಯಿತು. ಆದರೆ ಹದಿನಾರರ ಹೊತ್ತಿಗೆ ಹೊಟ್ಟೆನೋವು ಎಷ್ಟು ಹೆಚ್ಚಾಯಿತೆಂದರೆ ಪ್ರತಿ ತಿಂಗಳೂ ಶಾಲೆಗೆ ರಜೆ ಹಾಕಬೇಕಾಗುತ್ತಿತ್ತು. ಎಲ್ಲ ಹೆಣ್ಣುಮಕ್ಕಳಿಗೂ ಇರುವುದೇ ಅದು, ಮದುವೆಯಾದ ಮೇಲೆ ಸರಿಯಾಗುತ್ತದೆ ಎಂದು ಹಿರಿಯರೆಲ್ಲ ಹೇಳಿದರು. ಮದುವೆಯಾದ ಮೇಲೂ ಅದು ಹಾಗೆಯೇ ಇದೆ. ಇದರ ನಡುವೆ, ಹದಿನೇಳನೆಯ ವಯಸ್ಸಿನಲ್ಲಿ, ಅಪೆಂಡಿಕ್ಸ್ ಒಡೆದು ತುರ್ತಾಗಿ ಶಸ್ತ್ರಚಿಕಿತ್ಸೆಯಾಯಿತು.

ಓದು ಮುಗಿಸಿ ಇಷ್ಟಪಟ್ಟ ಕೆಲಸ ಹಿಡಿದೆ. ಮೂವತ್ತರಲ್ಲಿ, ನಾನೇ ಮೆಚ್ಚಿದವರನ್ನು ಮದುವೆಯಾದೆ. ಸ್ವಲ್ಪ ಕಾಲ ಇಬ್ಬರೇ ಇರೋಣ ಎಂದು ಒಟ್ಟಿಗೆ ನಿರ್ಧರಿಸಿದ್ದರಿಂದ ಗರ್ಭನಿರೋಧಕ ಮಾತ್ರೆಗಳನ್ನು ತೆಗೆದುಕೊಂಡಿದ್ದೆ. ಅವನ್ನು ನಿಲ್ಲಿಸಿದ ಮೇಲೆ ಒಮ್ಮೆ ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆಗಳು ಮೂಡಿದವು. ಪತಿಯ ಹೊರತು ಬೇರೆ ಯಾರಿಗೂ ಹೇಳುವ ಮೊದಲೇ, ಒಂದು ವಾರದೊಳಗೆ ರಕ್ತಸ್ರಾವವಾಯಿತು. ಅದನ್ನು ಗರ್ಭ ಎನ್ನಬೇಕೋ ಬೇಡವೋ ಎಂಬುದೇ ನನಗೆ ಗೊತ್ತಾಗಲಿಲ್ಲ.

ಈಗ ಹಾಳೆಯ ಮುಂದೆ ಕುಳಿತಾಗ ಆ ನೋವು, ಆ ಶಸ್ತ್ರಚಿಕಿತ್ಸೆ, ಆ ಮಾತ್ರೆಗಳು, ತಡವಾದ ಮದುವೆ ಎಲ್ಲವೂ ಒಂದೊಂದು ಕಾರಣದಂತೆ ಕಾಣುತ್ತಿವೆ. ಸಂತೋಷದಿಂದ ಕಳೆದ ವರ್ಷಗಳನ್ನು ಕೂಡ ವ್ಯರ್ಥವಾದ ವರ್ಷಗಳೆಂದು ಎಣಿಸಲು ಮನಸ್ಸು ಹವಣಿಸುತ್ತಿದೆ. ಇವುಗಳಲ್ಲಿ ಯಾವುದು ವೈದ್ಯರಿಗೆ ನಿಜವಾಗಿ ಬೇಕಾದದ್ದು? ಈ ದಾರಿಯಲ್ಲಿ ನಡೆದವರು ಇದನ್ನು ಹೇಗೆ ಬರೆದಿರಿ?


ಮೊದಲ ಉತ್ತರ

ನಿಮ್ಮ ಬರಹದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಶಾಲೆಗೆ ರಜೆ ಹಾಕಿಸುತ್ತಿದ್ದ ಆ ನೋವಿನ ಮೇಲೆ. ನನಗೂ ಹಾಗೆಯೇ ಇತ್ತು, ನನಗೂ ಅದೇ ಸಮಾಧಾನದ ಮಾತನ್ನು ಹೇಳಿದ್ದರು. ಅದು ಎಂಡೊಮೆಟ್ರಿಯೋಸಿಸ್ ಎಂಬ ಗರ್ಭಕೋಶದ ಒಳಪದರಕ್ಕೆ ಸಂಬಂಧಿಸಿದ ಕಾಯಿಲೆಯೆಂದು ತಿಳಿಯುವ ವೇಳೆಗೆ ನಾನು ನಿಮ್ಮ ವಯಸ್ಸನ್ನು ದಾಟಿದ್ದೆ. ನಿಮಗೂ ಅದೇ ಇದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನಾನು ವೈದ್ಯೆಯಲ್ಲ. ಆದರೆ 'ಮುಟ್ಟಿನ ನೋವು ಇದೆ' ಎಂದು ಒಂದೇ ಸಾಲಿನಲ್ಲಿ ಬರೆದರೆ ಓದುವವರು ಅದನ್ನು ಸುಲಭವಾಗಿ ದಾಟಿಹೋಗುತ್ತಾರೆ. ನೋವು ಸ್ರಾವಕ್ಕೆ ಎಷ್ಟು ದಿನ ಮುಂಚೆ ಆರಂಭವಾಗುತ್ತದೆ, ಯಾವ ಮಾತ್ರೆಗೆ ತಗ್ಗುತ್ತದೆ ಅಥವಾ ತಗ್ಗುವುದಿಲ್ಲ, ಆ ದಿನಗಳಲ್ಲಿ ಮಲವಿಸರ್ಜನೆಯ ಸಮಯದಲ್ಲೂ ನೋಯುತ್ತದೆಯೇ, ದಾಂಪತ್ಯದ ಸಂಪರ್ಕದ ವೇಳೆ ಒಳಗೆ ಆಳದಲ್ಲಿ ನೋವಾಗುತ್ತದೆಯೇ, ನೋವಿನಿಂದಾಗಿ ಯಾವ ಕೆಲಸಗಳನ್ನು ಬಿಡಬೇಕಾಗಿದೆ ಎಂಬುದನ್ನೆಲ್ಲ ಸಂಕೋಚವಿಲ್ಲದೆ ಬರೆಯಿರಿ. ಬಾಯಿಂದ ಹೇಳುವಾಗ ನಾಚಿಕೆಯಿಂದ ಅರ್ಧಕ್ಕೆ ನಿಲ್ಲುವ ಮಾತುಗಳಿಗೆ ಈ ಹಾಳೆಯೇ ಆಸರೆ.

ಕಳೆದ ಕೆಲವು ತಿಂಗಳುಗಳ ಮುಟ್ಟಿನ ಮೊದಲ ದಿನದ ತಾರೀಖುಗಳನ್ನು ಹಾಳೆಯ ಮೇಲ್ಭಾಗದಲ್ಲಿ ಸಾಲಾಗಿ ಬರೆದುಬಿಡಿ. ತಪಾಸಣೆಯ ಕೊಠಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ, ಅಲ್ಲಿ ಕುಳಿತು ನೆನಪಿಸಿಕೊಳ್ಳಲು ಹೋದರೆ ಗಾಬರಿಯಲ್ಲಿ ತಾರೀಖುಗಳು ತಪ್ಪುತ್ತವೆ. ನಿಮ್ಮ ಅಮ್ಮನನ್ನೂ ಒಮ್ಮೆ ಮಾತನಾಡಿಸಿ: ಅವರಿಗೆ ಮುಟ್ಟು ನಿಂತದ್ದು ಯಾವ ವಯಸ್ಸಿನಲ್ಲಿ, ಅವರಿಗೂ ಇಂಥ ನೋವಿತ್ತೇ, ಗರ್ಭಗಳು ಉಳಿಯದೆ ಹೋದದ್ದು ಉಂಟೇ ಎಂದು ಕೇಳಿ. ನಾನು ನನ್ನ ತಾಯಿಯನ್ನು ಈ ಪ್ರಶ್ನೆಗಳೊಂದಿಗೆ ಕೂರಿಸಿಕೊಂಡಾಗ, ನನಗಿಂತ ಮೊದಲು ಅವರು ಕಳೆದುಕೊಂಡಿದ್ದ ಒಂದು ಗರ್ಭದ ವಿಷಯ ನನಗೆ ಮೊದಲ ಸಲ ತಿಳಿಯಿತು. ಅದುವರೆಗೆ ಅವರನ್ನು ಅದರ ಬಗ್ಗೆ ಯಾರೂ ಕೇಳಿಯೇ ಇರಲಿಲ್ಲವಂತೆ.


ಎರಡನೆಯ ಉತ್ತರ

ನಾನು ಸ್ತ್ರೀರೋಗ ಹಾಗೂ ಬಂಜೆತನ ಚಿಕಿತ್ಸೆಯ ವಿಭಾಗದಲ್ಲಿ ವೈದ್ಯೆಯಾಗಿದ್ದೇನೆ. ಇಲ್ಲಿ ಕುಳಿತು ಯಾರ ಕಾಯಿಲೆಯನ್ನೂ ಗುರುತಿಸಲು ಸಾಧ್ಯವಿಲ್ಲ, ಅದು ಸರಿಯೂ ಅಲ್ಲ. ಆದರೆ ಅಂಥ ಹಾಳೆಗಳನ್ನು ಓದುವ ಕೆಲಸ ನನ್ನದಾದ್ದರಿಂದ, ನೀವು ಬರೆದಿರುವ ಪ್ರತಿಯೊಂದು ವಿವರವೂ ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ತಿಳಿಸಬಲ್ಲೆ.

ಮೊದಲ ಒಂದೆರಡು ವರ್ಷ ಮುಟ್ಟು ಲೆಕ್ಕ ತಪ್ಪುವುದು ಸಾಮಾನ್ಯ. ಮಿದುಳು ಮತ್ತು ಅಂಡಾಶಯಗಳ ನಡುವಿನ ಹಾರ್ಮೋನುಗಳ ಹೊಂದಾಣಿಕೆ ಒಂದು ಹದಕ್ಕೆ ಬರಲು ಅಷ್ಟು ಸಮಯ ಹಿಡಿಯುತ್ತದೆ. ಈಗ ನಿಮ್ಮ ಮುಟ್ಟು ಕ್ರಮವಾಗಿ ಬರುತ್ತಿದೆಯಾದರೆ ಬಹುಮಟ್ಟಿಗೆ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುತ್ತಿದೆ ಎಂದರ್ಥ. ಅದನ್ನು ಖಚಿತಪಡಿಸಿಕೊಳ್ಳಲು, ಮುಂದಿನ ಮುಟ್ಟು ಬರಲು ಸುಮಾರು ಏಳು ದಿನ ಇರುವಾಗ ಅಂಡ ಬಿಡುಗಡೆಯಾದ ಮೇಲೆ ರಕ್ತದಲ್ಲಿ ಹೆಚ್ಚುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪ್ರಮಾಣವನ್ನು ನೋಡುತ್ತೇವೆ.

ಒಡೆದ ಅಪೆಂಡಿಕ್ಸ್‌ನ ವಿಷಯವನ್ನು ಖಂಡಿತ ಬರೆಯಬೇಕು. ಸೋಂಕು ಹೊಟ್ಟೆಯೊಳಗೆ ಹರಡಿದ್ದರೆ, ಅದು ವಾಸಿಯಾಗುವಾಗ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಅಂಡನಾಳಕ್ಕೆ ಅಡ್ಡಿಯಾಗುವ ಸಾಧ್ಯತೆ ಇರುತ್ತದೆ. ಹಾಗೆ ಆಗಿಯೇ ಇರುತ್ತದೆ ಎಂದಲ್ಲ, ಎಷ್ಟೋ ಮಂದಿಗೆ ಅಂಥ ಶಸ್ತ್ರಚಿಕಿತ್ಸೆಯ ನಂತರ ಯಾವ ತೊಂದರೆಯೂ ಇಲ್ಲದೆ ಗರ್ಭ ನಿಂತಿದೆ. ಆದರೆ ಈ ಒಂದು ಸಾಲು ಇದ್ದರೆ ನಾಳಗಳು ತೆರೆದಿವೆಯೇ ಎಂದು ನೋಡುವ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಪರೀಕ್ಷೆಯನ್ನು ವೈದ್ಯರು ಬೇಗನೆ ಯೋಚಿಸುತ್ತಾರೆ. ಮುಟ್ಟಿನ ಸ್ರಾವ ನಿಂತ ಮೇಲೆ, ಅಂಡ ಬಿಡುಗಡೆಯಾಗುವ ಮೊದಲು ಅದನ್ನು ಮಾಡುತ್ತಾರೆ. ಗರ್ಭಕೋಶದೊಳಕ್ಕೆ ಬಿಟ್ಟ ದ್ರವ ನಾಳಗಳ ತುದಿಯಿಂದ ಹೊರಚೆಲ್ಲುವುದು ಚಿತ್ರದಲ್ಲಿ ಕಾಣಿಸುತ್ತದೆ. ಹಳೆಯ ಡಿಸ್ಚಾರ್ಜ್ ಪತ್ರ ಸಿಕ್ಕರೆ ಜೊತೆಗೆ ಒಯ್ಯಿರಿ.

ನೋವಿನ ಬಗ್ಗೆ ಮೇಲಿನವರು ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಂತಾನೋತ್ಪತ್ತಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಎಂಡೊಮೆಟ್ರಿಯೋಸಿಸ್ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗಡೆ ಬೆಳೆಯುವುದೇ ಈ ಕಾಯಿಲೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂಬ ಮಾತ್ರಕ್ಕೆ ಅದು ಇಲ್ಲವೆಂದು ಹೇಳಲಾಗದು. ನಿಮ್ಮ ನೋವು ಸಣ್ಣದೆಂದು ಯಾರಾದರೂ ಮಾತನ್ನು ಮುಗಿಸಲು ಹೊರಟರೆ, ದಯವಿಟ್ಟು ಇನ್ನೊಮ್ಮೆ ಹೇಳಿ.

ಮಾತ್ರೆಗಳ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಕಾರಣವಿಲ್ಲ. ಗರ್ಭನಿರೋಧಕ ಮಾತ್ರೆಗಳು ಮುಂದಿನ ಗರ್ಭಧಾರಣೆಯ ಶಕ್ತಿಯನ್ನು ಹಾಳುಮಾಡುವುದಿಲ್ಲ. ಹೆಣ್ಣುಮಗುವಿನ ಅಂಡಗಳ ಸಂಗ್ರಹ ಅವಳು ಹುಟ್ಟುವ ಮೊದಲೇ, ತಾಯಿಯ ಗರ್ಭದಲ್ಲಿ ಐದನೆಯ ತಿಂಗಳ ಹೊತ್ತಿಗೇ, ಸುಮಾರು 60-70 ಲಕ್ಷದಷ್ಟು ಇದ್ದು, ಅಲ್ಲಿಂದಲೇ ಕುಗ್ಗುತ್ತಾ ಬರುತ್ತದೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ 3ರಿಂದ 4 ಲಕ್ಷ ಉಳಿದಿರುತ್ತವೆ. ಇಡೀ ಜೀವಿತದಲ್ಲಿ ಬಿಡುಗಡೆಯಾಗುವುದು ನಾನ್ನೂರು, ಐನೂರು ಮಾತ್ರ. ನೀವು ಓದುತ್ತಿದ್ದಾಗಲೂ ಕೆಲಸ ಮಾಡುತ್ತಿದ್ದಾಗಲೂ ಈ ಕ್ರಿಯೆ ತನ್ನ ಪಾಡಿಗೆ ನಡೆಯುತ್ತಿತ್ತು. ನೀವು ಇಪ್ಪತ್ತರಲ್ಲೇ ಮದುವೆಯಾಗಿದ್ದರೂ ಅಷ್ಟೇ ನಡೆಯುತ್ತಿತ್ತು. ವಯಸ್ಸಿನೊಂದಿಗೆ ಅಂಡಗಳ ಗುಣಮಟ್ಟ ತಗ್ಗುತ್ತದೆ, ಮೂವತ್ತೈದರ ನಂತರ ಆ ಇಳಿಕೆ ವೇಗವಾಗುತ್ತದೆ ಎಂಬುದೂ ನಿಜ, ಅದನ್ನು ಮರೆಮಾಚಲಾರೆ. ಆ ಕಾರಣಕ್ಕೇ ಮೂವತ್ತೈದು ದಾಟಿದವರು ಒಂದು ವರ್ಷ ಕಾಯದೆ ಆರು ತಿಂಗಳಿಗೇ ತಪಾಸಣೆಗೆ ಬರಬೇಕೆನ್ನುತ್ತೇವೆ. ನಿಮ್ಮ ವಯಸ್ಸಿಗೆ ಒಂದು ವರ್ಷದ ನಂತರ ಬರುವುದು ಸರಿಯಾದ ಸಮಯವೇ.

ಇನ್ನು ಆ ಎರಡು ಗೆರೆಗಳು. ನನಗೆ ಅದು ಈ ಇಡೀ ಹಾಳೆಯ ಬಹುಮುಖ್ಯ ವಿವರ. ಪರೀಕ್ಷೆಯಲ್ಲಿ ಗರ್ಭದ ಹಾರ್ಮೋನು ಕಂಡ ಬಳಿಕ, ಸ್ಕ್ಯಾನ್‌ನಲ್ಲಿ ಕಾಣುವ ಹಂತಕ್ಕೆ ಮೊದಲೇ ಕಳೆದುಹೋಗುವ ಗರ್ಭಗಳು ಸಾಕಷ್ಟಿವೆ. ಬಹಳಷ್ಟು ಸಂದರ್ಭಗಳಲ್ಲಿ ಭ್ರೂಣದ ಕ್ರೋಮೋಸೋಮುಗಳ ವ್ಯತ್ಯಾಸವೇ ಅದಕ್ಕೆ ಕಾರಣ. ನೀವು ಮಾಡಿದ ಕೆಲಸ, ತಿಂದದ್ದು, ಎತ್ತಿದ್ದು ಯಾವುದೂ ಅಲ್ಲ. ಅದು ಗರ್ಭವೇ ಆಗಿತ್ತು, ಹಾಗೆಂದೇ ತಾರೀಖಿನೊಂದಿಗೆ ಬರೆಯಿರಿ. ಅಂಡ ಬಿಡುಗಡೆಯಾಗಿ, ವೀರ್ಯಾಣುವಿನೊಂದಿಗೆ ಸೇರಿ, ಒಂದಷ್ಟು ದೂರ ಸಾಗಿತ್ತು ಎಂಬುದು ಅದರಿಂದ ನಮಗೆ ತಿಳಿಯುತ್ತದೆ.

ಬರೆಯದೆ ಬಿಟ್ಟಿರುವ ಎರಡು ಸಂಗತಿಗಳನ್ನು ಸೇರಿಸಿ. ಥೈರಾಯ್ಡ್ ಪರೀಕ್ಷೆ ಹಿಂದೆ ಆಗಿದ್ದರೆ ಅದರ ವರದಿ, ಮತ್ತು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ರುಬೆಲ್ಲಾ ಸೋಂಕಿನ ವಿರುದ್ಧದ ಲಸಿಕೆಯ ವಿವರ. ಲಸಿಕೆ ಆಗಿಲ್ಲದಿದ್ದರೆ ಗರ್ಭಕ್ಕೆ ಮೊದಲೇ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕಾಗುತ್ತದೆ. ಫೋಲಿಕ್ ಆಮ್ಲದ ದಿನಕ್ಕೆ 400 ಮೈಕ್ರೊಗ್ರಾಂ ಮಾತ್ರೆಯನ್ನು ಈಗಲೇ ಆರಂಭಿಸಬಹುದು. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ಇದು ನೆರವಾಗುತ್ತದೆ, ಆ ಕೊಳವೆ ಗರ್ಭಧಾರಣೆಯಾಗಿ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮಂದಿಗೆ ತಾವು ಗರ್ಭಿಣಿಯೆಂದು ಆ ವೇಳೆಗೆ ತಿಳಿದೇ ಇರುವುದಿಲ್ಲ, ಆದ್ದರಿಂದ ಗರ್ಭಕ್ಕೆ ಮೊದಲಿನಿಂದಲೇ ಈ ಮಾತ್ರೆ ಬೇಕು.


ಮೂರನೆಯ ಉತ್ತರ

ಇಷ್ಟು ದೀರ್ಘವಾದ ಪ್ರಶ್ನೆಯಲ್ಲಿ ನಿಮ್ಮ ಪತಿಯ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲದಿರುವುದನ್ನು ಗಮನಿಸಿ ಒಬ್ಬ ಗಂಡನಾಗಿ ಬರೆಯುತ್ತಿದ್ದೇನೆ. ಅವರಿಗೂ ಒಂದು ಹಾಳೆ ಬೇಕು, ಅದನ್ನು ಅವರೇ ಬರೆಯಬೇಕು. ಹರೆಯದಲ್ಲಿ ಮಂಗನಬಾವು ಬಂದು ವೃಷಣ ಊದಿಕೊಂಡಿತ್ತೇ, ಮಗುವಾಗಿದ್ದಾಗ ವೃಷಣ ಕೆಳಗಿಳಿಯದೆ ಶಸ್ತ್ರಚಿಕಿತ್ಸೆಯಾಗಿತ್ತೇ, ಹರ್ನಿಯಾ ಆಗಿತ್ತೇ, ಧೂಮಪಾನವಿದೆಯೇ, ದೇಹ ಬೆಳೆಸಲು ಹಾರ್ಮೋನು ಚುಚ್ಚುಮದ್ದು ತೆಗೆದುಕೊಂಡಿದ್ದಾರೆಯೇ ಎಂಬ ಪ್ರಶ್ನೆಗಳನ್ನು ನನಗೆ ಕೇಳಿದ್ದರು.

ವೀರ್ಯ ಪರೀಕ್ಷೆ ಸರಳವಾದದ್ದು, ಎರಡರಿಂದ ಏಳು ದಿನ ವೀರ್ಯಸ್ಖಲನವಿಲ್ಲದೆ ಇದ್ದು ಮಾದರಿ ಕೊಟ್ಟರೆ ಆಯಿತು. ಹೆಣ್ಣಿನ ಮೇಲೆ ನಡೆಯುವ ನೋವಿನ ಪರೀಕ್ಷೆಗಳಿಗೆ ಮೊದಲು ಇದು ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗರ್ಭ ನಿಲ್ಲದ ದಂಪತಿಗಳಲ್ಲಿ ದೊಡ್ಡ ಪಾಲಿನವರಿಗೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ನನ್ನ ಪರಿಚಿತರಲ್ಲಿ ಹಲವರು ಹೆಂಡತಿಯ ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ, ಬಹಳ ಒತ್ತಾಯಕ್ಕೆ, ಇದಕ್ಕೆ ಒಪ್ಪಿದ್ದನ್ನು ಕಂಡು ನನಗೆ ನೋವಾಗಿದೆ. ಮೊದಲ ವರದಿ ಚೆನ್ನಾಗಿಲ್ಲದಿದ್ದರೆ ಅದೇ ಕೊನೆಯ ಮಾತಲ್ಲ ಎಂಬುದನ್ನೂ ಅವರಿಗೆ ತಿಳಿಸಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಹಿಡಿಯುವುದರಿಂದ, ಹಿಂದೆ ಎಂದೋ ಬಂದ ಜ್ವರದ ಪರಿಣಾಮ ಇಂದಿನ ವರದಿಯಲ್ಲಿ ಕಾಣಬಹುದು. ನನಗೆ ಹಾಗೆಯೇ ಆಗಿ, ಎರಡನೆಯ ಪರೀಕ್ಷೆಯಲ್ಲಿ ಸಂಖ್ಯೆ ಸರಿಯಾಗಿ ಬಂತು.

ವೈದ್ಯರ ಕೊಠಡಿಗೆ ಇಬ್ಬರೂ ಹೋಗಿ, ಇಬ್ಬರೂ ಒಳಗೆ ಕುಳಿತುಕೊಳ್ಳಿ.


ನಾಲ್ಕನೆಯ ಉತ್ತರ

ವೈದ್ಯಕೀಯ ವಿಷಯಗಳನ್ನು ತಿಳಿದವರು ಹೇಳಿದ್ದಾರೆ. ನಾನು ಬರೆಯುವುದು ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ. ಸಂತೋಷದ ವರ್ಷಗಳನ್ನು ವ್ಯರ್ಥವೆಂದು ಎಣಿಸಲು ಮನಸ್ಸು ಹವಣಿಸುತ್ತಿದೆ ಎಂದಿದ್ದೀರಿ. ನನ್ನ ಮನಸ್ಸೂ ಅದನ್ನೇ ಮಾಡಿತ್ತು, ಹಲವು ವರ್ಷ ಮಾಡಿತ್ತು. ನಾವು ಚಿಕಿತ್ಸೆ ಪಡೆದೆವು, ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಐವಿಎಫ್‌ವರೆಗೂ ಹೋದೆವು, ಮಗುವಾಗಲಿಲ್ಲ. ಒಂದು ಹಂತದಲ್ಲಿ ಇಬ್ಬರೂ ಕುಳಿತು ಮಾತನಾಡಿ ನಿಲ್ಲಿಸಿದೆವು. ನಿಮ್ಮ ದಾರಿ ಹಾಗೆಯೇ ಸಾಗುತ್ತದೆ ಎಂಬ ಅರ್ಥದಲ್ಲಿ ಇದನ್ನು ದಯವಿಟ್ಟು ಓದಬೇಡಿ. ನಿಯಮಿತವಾಗಿ ಪ್ರಯತ್ನಿಸುವ ದಂಪತಿಗಳಲ್ಲಿ ಮೊದಲ ವರ್ಷ ಗರ್ಭ ನಿಲ್ಲದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ ನಿಲ್ಲುತ್ತದೆ ಎಂದು ನನ್ನ ವೈದ್ಯರೇ ಆರಂಭದಲ್ಲಿ ಹೇಳಿದ್ದರು, ನೀವಿನ್ನೂ ಆ ಆರಂಭದಲ್ಲೇ ಇದ್ದೀರಿ. ಮಗುವಾಗದೆಯೂ ಬದುಕಿರುವ ಒಬ್ಬ ಹೆಂಗಸು ಇಂಥ ಚರ್ಚೆಗಳಲ್ಲಿ ಮಾತನಾಡುವುದು ಅಪರೂಪ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಿಮ್ಮ ತಮ್ಮನನ್ನು ಎತ್ತಿ ಆಡಿಸಿದ್ದನ್ನು ನೀವು ಬರೆದಿದ್ದೀರಿ. ವೈದ್ಯರಿಗೆ ಅದರ ಅಗತ್ಯವಿಲ್ಲ. ಆದರೆ ನಿಮಗೆ ಅಗತ್ಯವಿದೆ ಎಂದು ನನಗನ್ನಿಸುತ್ತದೆ. ಹಾಳೆಗಳನ್ನು ಎರಡು ಮಾಡಿಕೊಳ್ಳಿ. ಒಂದು ಕಡತಕ್ಕೆ ಹೋಗಲಿ, ಇನ್ನೊಂದು ನಿಮ್ಮ ಬಳಿ ಇರಲಿ. ಆ ಎರಡನೆಯದರಲ್ಲಿ ಓದು, ಕೆಲಸ, ಮೆಚ್ಚಿ ಮಾಡಿಕೊಂಡ ಮದುವೆ, ಇಬ್ಬರೇ ಇದ್ದ ಆ ದಿನಗಳು ಎಲ್ಲವೂ ಇರಲಿ, ಮತ್ತು ಅವುಗಳ ಪಕ್ಕದಲ್ಲಿ ಕಾರಣವೆಂಬ ಮಾತು ಬಾರದಿರಲಿ. ಚಿಕಿತ್ಸೆಯ ದಿನಗಳಲ್ಲಿ ಹೆಣ್ಣಿನ ವಯಸ್ಸು, ತೂಕ, ಮುಟ್ಟು, ಹಾರ್ಮೋನುಗಳನ್ನು ಬಿಟ್ಟು ಬೇರೆ ಏನನ್ನೂ ಯಾರೂ ಕೇಳುವುದಿಲ್ಲ. ಕೆಲವು ತಿಂಗಳುಗಳ ನಂತರ ನಾವೂ ನಮ್ಮನ್ನು ಅಷ್ಟರಲ್ಲೇ ನೋಡಿಕೊಳ್ಳಲು ತೊಡಗುತ್ತೇವೆ. ಆ ಎರಡು ಗೆರೆಗಳ ದುಃಖವನ್ನು ನಿಮ್ಮ ಪತಿಯೊಂದಿಗೆ ಒಮ್ಮೆ ಬಾಯಿಬಿಟ್ಟು ಮಾತನಾಡಿ. ಅವರೂ ಅದನ್ನು ಒಳಗೇ ಇಟ್ಟುಕೊಂಡಿರಬಹುದು. ಇನ್ನೊಂದು ವಿಷಯವನ್ನು ಚಿಕಿತ್ಸೆಗೆ ಮೊದಲೇ ಇಬ್ಬರೂ ಮಾತನಾಡಿಕೊಳ್ಳುವುದು ಒಳ್ಳೆಯದು: ಎಲ್ಲಿಯವರೆಗೆ ಹೋಗುತ್ತೇವೆ, ದತ್ತು ತೆಗೆದುಕೊಳ್ಳುವುದರ ಬಗ್ಗೆ ಇಬ್ಬರ ಮನಸ್ಸಿನಲ್ಲೂ ಏನಿದೆ ಎಂಬುದು. ಉತ್ತರ ಮುಂದೆ ಬದಲಾಗಬಹುದು, ಬದಲಾಗಲಿ. ಮಾತು ಮಾತ್ರ ಬಾಕಿ ಉಳಿಯದಿರಲಿ.


ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ನಾಲ್ಕನೆಯ ಉತ್ತರವನ್ನು ನಾನೂ ನನ್ನ ಪತಿಯೂ ಒಟ್ಟಿಗೆ ಓದಿದೆವು, ಆ ಬಳಿಕ ತಡರಾತ್ರಿಯವರೆಗೆ ಮಾತನಾಡಿದೆವು. ಅವರು ತಮ್ಮ ಹಾಳೆಯನ್ನು ಬರೆದಿದ್ದಾರೆ. ವೀರ್ಯ ಪರೀಕ್ಷೆಗೆ ಸಮಯವನ್ನೂ ಗೊತ್ತುಮಾಡಿಕೊಂಡಿದ್ದಾರೆ.

ಅಮ್ಮನನ್ನು ಕೇಳಿದೆ. ತನಗೆ ನಲವತ್ತಮೂರರಲ್ಲೇ ಮುಟ್ಟು ನಿಂತಿತೆಂದೂ, ಆ ವಯಸ್ಸಿಗೆ ಅದು ಬೇಗವೆಂಬ ಯೋಚನೆಯೇ ಬರಲಿಲ್ಲವೆಂದೂ ಹೇಳಿದರು. ಇದು ನನ್ನ ವಿಷಯದಲ್ಲಿ ಏನನ್ನಾದರೂ ಸೂಚಿಸುತ್ತದೆಯೇ? ವೈದ್ಯರಾಗಿರುವ ಮೇಡಂ ದಯವಿಟ್ಟು ತಿಳಿಸಬೇಕು.


ಎರಡನೆಯ ಉತ್ತರ ಬರೆದವರಿಂದ

ನಲವತ್ತೈದಕ್ಕೆ ಮೊದಲು ಮುಟ್ಟು ನಿಲ್ಲುವುದನ್ನು ಬೇಗ ನಿಂತದ್ದೆಂದೇ ನಾವು ಪರಿಗಣಿಸುತ್ತೇವೆ, ಮತ್ತು ಅದು ಕೆಲವೊಮ್ಮೆ ತಾಯಿಯಿಂದ ಮಗಳಿಗೆ ಬರುವ ಲಕ್ಷಣ. ಆದ್ದರಿಂದ ಈ ಮಾಹಿತಿಯನ್ನು ಹಾಳೆಯ ಕೆಳಗೆ ಸೇರಿಸದೆ, ಮುಟ್ಟಿನ ತಾರೀಖುಗಳ ಪಕ್ಕದಲ್ಲೇ ಬರೆಯಿರಿ. ವೈದ್ಯರು ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ, ಅಂಡಾಶಯದಲ್ಲಿರುವ ಸಣ್ಣ ಅಂಡಕೋಶಗಳನ್ನು ಎಣಿಸುವ ಸ್ಕ್ಯಾನ್ ಅನ್ನೂ ಬರೆದುಕೊಡಬಹುದು. ಎಎಂಎಚ್ ಕಡಿಮೆ ಬಂದರೆ ಅದರಿಂದ ತಿಳಿಯುವುದು ಉಳಿದಿರುವ ಅಂಡಗಳ ಅಂದಾಜು ಪ್ರಮಾಣ ಮಾತ್ರ. ಅವುಗಳ ಗುಣಮಟ್ಟವನ್ನಾಗಲಿ, ಮುಂದಿನ ತಿಂಗಳು ಗರ್ಭ ನಿಲ್ಲುತ್ತದೆಯೇ ಎಂಬುದನ್ನಾಗಲಿ ಅದು ಹೇಳುವುದಿಲ್ಲ. ಚಿಕಿತ್ಸೆಯನ್ನು ಯಾವ ವೇಗದಲ್ಲಿ ನಡೆಸಬೇಕು, ಎಷ್ಟು ತಿಂಗಳು ಕಾಯಬಹುದು ಎಂದು ತೀರ್ಮಾನಿಸಲು ನಮಗೆ ಅದು ನೆರವಾಗುತ್ತದೆ.

ಎಂಡೊಮೆಟ್ರಿಯೋಸಿಸ್‌ಗಾಗಿ ಅಂಡಾಶಯದ ಮೇಲೆ ಶಸ್ತ್ರಚಿಕಿತ್ಸೆಯ ಸಲಹೆ ಮುಂದೆ ಬಂದರೆ, ಒಪ್ಪುವ ಮೊದಲು ಅಮ್ಮನ ವಿಷಯವನ್ನು ಮತ್ತೊಮ್ಮೆ ನೆನಪಿಸಿ, ಅದರಿಂದ ಅಂಡಗಳ ಸಂಗ್ರಹ ಎಷ್ಟು ಕುಗ್ಗಬಹುದೆಂದು ನೇರವಾಗಿ ಕೇಳಿ. ವರದಿಗಳ ಪ್ರತಿಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.